ಚಳಿಗೆ ಉಬ್ಬದ ಇಡ್ಲಿ ಹಿಟ್ಟು, ಹಸಿರಾದ ಬೆಳ್ಳುಳ್ಳಿ, ಬಣ್ಣ ಬದಲಿಸುವ ಕೋಕಂ

ಪ್ರಶ್ನೆ: ಮದುವೆಯಾದಾಗಿನಿಂದ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೆವು. ಈ ವರ್ಷ ಪುಣೆಯ ಕೋಥ್ರುಡ್‌ಗೆ ಬಂದೆವು. ಅದೇ ಅಕ್ಕಿ, ಅದೇ ಉದ್ದಿನಬೇಳೆ, ಅದೇ ಗ್ರೈಂಡರ್. ಆದರೂ ಡಿಸೆಂಬರ್‌ ಬಂದಮೇಲೆ ಇಡ್ಲಿ ಹಿಟ್ಟು ಉಬ್ಬುವುದೇ ಇಲ್ಲ. ಅತ್ತೆಯವರು ಕೈಗುಣ ಅಂತಾರೆ. ಸೋಡಾ ಹಾಕಲೇಬೇಕಾ?

ಉತ್ತರ: ಸೋಡಾ ಬೇಡ. ನಿಮ್ಮ ಕೈಗುಣಕ್ಕೆ ಏನೂ ಆಗಿಲ್ಲ, ಹವೆ ಬದಲಾಗಿದೆ ಅಷ್ಟೇ. ಡಿಸೆಂಬರ್, ಜನವರಿಯಲ್ಲಿ ಪುಣೆಯ ರಾತ್ರಿಗಳು 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತವೆ. ಸಮುದ್ರದ ಪಕ್ಕದ ಮುಂಬೈಯಲ್ಲಿ ಅಷ್ಟು ಚಳಿ ಬೀಳುವುದು ತೀರಾ ಅಪರೂಪ.

ಹಿಟ್ಟನ್ನು ಉಬ್ಬಿಸುವ ಕೆಲಸ ಮುಖ್ಯವಾಗಿ ಲ್ಯೂಕೋನೋಸ್ಟಾಕ್ ಎಂಬ ಬ್ಯಾಕ್ಟೀರಿಯಾದ್ದು. ಇದನ್ನು ನಾವು ಹೊರಗಿನಿಂದ ಹಾಕುವುದಿಲ್ಲ. ಬೇಳೆ, ಅಕ್ಕಿಯ ಜೊತೆಗೇ ಮನೆಗೆ ಬಂದಿರುತ್ತದೆ. ನೆನೆಸಿ ರುಬ್ಬಿದಾಗ ಅದಕ್ಕೆ ನೀರೂ ಸಿಗುತ್ತದೆ, ಸಕ್ಕರೆಯೂ ಸಿಗುತ್ತದೆ. ಅದನ್ನು ತಿಂದು ಹುಳಿಯನ್ನೂ ಇಂಗಾಲದ ಡೈಆಕ್ಸೈಡ್ ಗಾಳಿಯನ್ನೂ ಬಿಡುತ್ತದೆ. 25ರಿಂದ 30 ಡಿಗ್ರಿ ಇದ್ದರೆ ಅದಕ್ಕೆ ಹಬ್ಬ. ಚಳಿ ಜಾಸ್ತಿಯಾದರೆ ಸಾಯುವುದಿಲ್ಲ, ಸುಮ್ನೆ ಮಂಕಾಗಿ ಕೂರುತ್ತದೆ.

ಗಾಳಿ ಹುಟ್ಟಿದರೆ ಸಾಲದು, ಹಿಟ್ಟಿನೊಳಗೆ ನಿಲ್ಲಬೇಕಲ್ವಾ? ಅಲ್ಲೇ ಉದ್ದಿನಬೇಳೆಯ ಮಹಿಮೆ ಇರುವುದು. ಉದ್ದು ರುಬ್ಬಿದಾಗ ಬೆರಳಿಗೆ ಲೋಳೆಲೋಳೆ ಹತ್ತುತ್ತದೆ ನೋಡಿ, ಆ ಅಂಟು ಮತ್ತು ಬೇಳೆಯ ಪ್ರೊಟೀನ್ ಸೇರಿ ಗುಳ್ಳೆಗಳನ್ನು ಹಿಡಿದಿಡುತ್ತವೆ. ಹೆಸರುಬೇಳೆ, ಕಡಲೆಬೇಳೆಯಲ್ಲಿ ಇಷ್ಟು ಅಂಟಿಲ್ಲ. ಬೇಳೆ ಹಳತಾಗಿದ್ದರೂ ಈ ಶಕ್ತಿ ಕಡಿಮೆಯಾಗುತ್ತದೆ. ಪರೀಕ್ಷೆ ಸುಲಭ. ರುಬ್ಬಿದ ಉದ್ದನ್ನು ಒಂದು ಚಿಟಿಕೆ ತೆಗೆದು ಬಟ್ಟಲ ನೀರಿಗೆ ಬಿಡಿ. ತೇಲಿದರೆ ಸರಿಯಾಗಿದೆ. ಮುಳುಗಿದರೆ ಇನ್ನೂ ಸ್ವಲ್ಪ ಹೊತ್ತು ರುಬ್ಬಿ. ಆಗಲೂ ಮುಳುಗಿದರೆ ಅಂಗಡಿಯವರಿಗೆ ಹೇಳಿ ಹೊಸ ಬೇಳೆ ತನ್ನಿ.

ಪುಣೆಯ ಚಳಿಗೆ ನಾನು ಹೇಳುವುದು ಇಷ್ಟು. ಬೆಚ್ಚಗಿನ ನೀರಲ್ಲಿ ನೆನೆಹಾಕಿ. ರುಬ್ಬುವಾಗ ಫ್ರಿಜ್ಜಿನ ನೀರು ಬಳಸಬೇಡಿ. ಉಪ್ಪು ಈ ಕೆಲಸವನ್ನು ನಿಧಾನ ಮಾಡುತ್ತದೆ, ಹಾಗಾಗಿ ಚಳಿಗಾಲದಲ್ಲಿ ಹಿಟ್ಟು ಉಬ್ಬಿದ ಮೇಲೆ ಹಾಕಿದರೆ ಸಾಕು. ರಾತ್ರಿ ಪಾತ್ರೆಯನ್ನು ಆಫ್ ಮಾಡಿದ ಮೈಕ್ರೋವೇವ್ ಒಳಗಿಟ್ಟು, ಪಕ್ಕದಲ್ಲೊಂದು ದೊಡ್ಡ ಲೋಟ ಕುದಿನೀರಿಟ್ಟು ಬಾಗಿಲು ಮುಚ್ಚಿ. ಗಡಿಯಾರ ನೋಡಬೇಡಿ, ಹಿಟ್ಟು ನೋಡಿ. ಮುಂಬೈಯಲ್ಲಿ ಎಂಟು ಗಂಟೆಗೆ ಉಬ್ಬಿದ್ದು ಇಲ್ಲಿ ಹದಿನಾರು ಗಂಟೆ ತೆಗೆದುಕೊಂಡರೂ ಆಶ್ಚರ್ಯವಿಲ್ಲ. ಉಬ್ಬಿದ ಮೇಲೆ ಜೋರಾಗಿ ತಿರುವಬೇಡಿ. ರಾತ್ರಿಯೆಲ್ಲ ಕೂಡಿಟ್ಟ ಗಾಳಿ ಹೋಗಿಬಿಡುತ್ತದೆ.

ಅತ್ತೆಯವರಿಗೂ ಇದನ್ನು ಓದಿ ಹೇಳಿ. ಹವೆ ಮಾಡಿದ ತಪ್ಪಿಗೆ ಸೊಸೆ ಮಾತು ಕೇಳಬೇಕಾಗಿ ಬರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಪ್ರಶ್ನೆ: ಶುಂಠಿ-ಬೆಳ್ಳುಳ್ಳಿ ಪೇಸ್ಟ್‌ಗೆ ನಿಂಬೆರಸ ಹಿಂಡಿ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಹಸಿರು! ವಿಷವಾಯಿತೆಂದು ಎಸೆದೆ. ಸರಿ ಮಾಡಿದೆನಾ? (ಮಾಟುಂಗಾ, ಮುಂಬೈ)

ಉತ್ತರ: ಎಸೆಯಬೇಕಿರಲಿಲ್ಲ. ಬೆಳ್ಳುಳ್ಳಿಯಲ್ಲಿ ಗಂಧಕ ಇರುವ ಕೆಲವು ವಸ್ತುಗಳಿವೆ. ಜಜ್ಜಿದಾಗ ಅದರದೇ ಕಿಣ್ವ ಇವುಗಳ ಜೊತೆ ಬೆರೆಯುತ್ತದೆ. ಆ ಘಾಟು ಹುಟ್ಟುವುದೇ ಆಗ. ಇಡೀ ಎಸಳು ಮೂಸಿ ನೋಡಿ, ಅಷ್ಟು ವಾಸನೆಯೇ ಇರುವುದಿಲ್ಲ. ಸ್ವಲ್ಪ ಹುಳಿ ಸಿಕ್ಕರೆ ಇವು ಅಮೈನೋ ಆಮ್ಲಗಳ ಜೊತೆ ಸೇರಿ ನೀಲಿ-ಹಸಿರು ಬಣ್ಣವಾಗುತ್ತವೆ. ತಂಪಿನಲ್ಲಿ ಬಹಳ ದಿನ ಇದ್ದ ಬೆಳ್ಳುಳ್ಳಿಯಲ್ಲಿ ಇದು ಜಾಸ್ತಿ. ಉತ್ತರ ಚೀನಾದಲ್ಲಿ ಬೆಳ್ಳುಳ್ಳಿಯನ್ನು ವಿನೆಗರ್‌ನಲ್ಲಿ ಹಾಕಿ ಬೇಕೆಂದೇ ಹಸಿರು ಮಾಡಿ ತಿನ್ನುತ್ತಾರೆ. ಬೂಸ್ಟು ಬಂದಿದ್ದರೆ, ಕೆಟ್ಟ ವಾಸನೆ ಇದ್ದರೆ ಮಾತ್ರ ಎಸೆಯಿರಿ.

ಹೆದರಬೇಕಾದ್ದು ಬೇರೆಯೇ ಇದೆ. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಫ್ರಿಜ್ ಹೊರಗೆ ಇಡಬೇಡಿ. ಬಾಟ್ಯುಲಿಸಂ ಎಂಬ ವಿಷಾಹಾರದ ಕಾಯಿಲೆ ತರುವ ಬ್ಯಾಕ್ಟೀರಿಯಾ ಮಣ್ಣಿನಲ್ಲಿರುತ್ತದೆ, ಗಾಳಿಯಾಡದ ಕಡೆ ಬೆಳೆಯುತ್ತದೆ. ಅದರ ವಿಷ ಜೀವಕ್ಕೇ ಅಪಾಯ. ಬಣ್ಣದಲ್ಲಾಗಲಿ ವಾಸನೆಯಲ್ಲಾಗಲಿ ಗೊತ್ತಾಗುತ್ತದೆ ಎಂದು ನಂಬಿಕೊಳ್ಳುವಂತಿಲ್ಲ. ಫ್ರಿಜ್ಜಿನಲ್ಲೇ ಇಟ್ಟು ಮೂರ್ನಾಲ್ಕು ದಿನದಲ್ಲಿ ಮುಗಿಸಿ. ಪೇಸ್ಟ್ ಜಾಸ್ತಿ ಮಾಡಿದ್ದರೆ ಫ್ರೀಜರ್‌ಗೆ ಹಾಕಿ.

ಪ್ರಶ್ನೆ: ಕೋಕಂ, ತೆಂಗಿನಹಾಲು ಸೇರಿಸಿ ಸೋಲ್‌ಕಡಿ ಮಾಡಿದ ಪಾತ್ರೆಗೆ ಸೋಪಿನ ಪುಡಿ ಹಾಕಿದರೆ ಕೆಂಪೆಲ್ಲ ನೀಲಿ-ಹಸಿರಾಯಿತು. ಕೋಕಂಗೆ ಬಣ್ಣ ಬೆರೆಸಿದ್ದಾರಾ? (ವಾಸ್ಕೋ, ಗೋವಾ)

ಉತ್ತರ: ಬಣ್ಣ ಬದಲಾಯಿತು ಅಂತ ಅನುಮಾನಪಡಬೇಡಿ. ಕೋಕಂ ಎಂದರೆ ನಮ್ಮ ಉತ್ತರ ಕನ್ನಡದ ಮುರುಗಲು, ಮಂಗಳೂರು ಕಡೆಯ ಪುನರ್ಪುಳಿ. ಅದರ ಕೆಂಪು ಆಂಥೋಸಯನಿನ್ ಎಂಬ ಸಸ್ಯದ ಬಣ್ಣದ್ದು. ನೇರಳೆಹಣ್ಣಿನ ಬಣ್ಣವೂ ಇದರದ್ದೇ. ಹುಳಿಯಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ, ಹಸಿರು. ಸೋಪಿನ ಪುಡಿ ಕ್ಷಾರ. ಅಂಗಿಗೆ ಬಿದ್ದ ಅರಿಶಿನದ ಕಲೆ ಸೋಪು ತಾಗಿದೊಡನೆ ಕೆಂಪಾಗುವುದೂ ಕ್ಷಾರದಿಂದಲೇ, ಆದರೆ ಅಲ್ಲಿರುವ ಬಣ್ಣ ಕರ್ಕ್ಯುಮಿನ್.

ಮಕ್ಕಳಿದ್ದರೆ ತೋರಿಸಿ. ಬಿಳಿ ಬಟ್ಟಲಲ್ಲಿ ಕೋಕಂ ನೀರು ಹಾಕಿ, ಅಡುಗೆ ಸೋಡಾ ಉದುರಿಸಿ. ಬಣ್ಣ ತಿರುಗಿದ ಕೂಡಲೇ ನಿಂಬೆರಸ ಹಿಂಡಿ, ಮತ್ತೆ ಕೆಂಪಾಗುತ್ತದೆ. ಇದರಿಂದ ಕೋಕಂನ ಸ್ವಂತ ಬಣ್ಣ ಇದೆ ಎಂದಷ್ಟೇ ತಿಳಿಯುತ್ತದೆ. ಜೊತೆಗೆ ಬೇರೆ ಬಣ್ಣ ಸೇರಿಲ್ಲ ಎಂದು ಹೇಳಲಾಗದು, ಅದಕ್ಕೆ ಪ್ರಯೋಗಾಲಯದ ಪರೀಕ್ಷೆಯೇ ಬೇಕು. ಇನ್ನೊಂದು ಮಾತು: ಸೋಲ್‌ಕಡಿಯನ್ನು ಕುದಿಸಬೇಡಿ. ಹುಳಿಗೆ ಬಿಸಿ ಸೇರಿದರೆ ತೆಂಗಿನಹಾಲು ಒಡೆಯುತ್ತದೆ.