ಹಾಸಿಗೆ ಬಿಡಲಾಗದ ಬೆಳೆಗಾರ: ಒಂದು ಆಪ್ತಸಲಹೆ ಪ್ರಕರಣ

ನನ್ನ ಬಳಿ ಆಪ್ತಸಲಹೆಗೆ ಬಂದವರೊಬ್ಬರ ಕಥೆ ಇದು. ಹೆಸರು, ಊರು, ಮನೆಯವರ ವಿವರ ಎಲ್ಲ ಬದಲಿಸಿದ್ದೇನೆ. ಅವರ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ. ಸತೀಶ ಎಂದಿಟ್ಟುಕೊಳ್ಳಿ. ಮೂವತ್ತು ದಾಟಿದ ಅಡಿಕೆ ಬೆಳೆಗಾರ, ತೀರ್ಥಹಳ್ಳಿ ಕಡೆಯವರು. ಮದುವೆಯಾಗಿದೆ, ಸಣ್ಣ ಮಗುವಿದೆ. ತಂದೆ ಇರುವಷ್ಟು ದಿನ ಇವರು ತೋಟ ನೋಡಿಕೊಂಡರು, ತಂದೆ ಲೆಕ್ಕ ನೋಡಿಕೊಂಡರು. ತಂದೆ ತೀರಿಕೊಂಡ ಮೇಲೆ ಎರಡೂ ಇವರ ತಲೆಗೆ ಬಂತು.

ಜುಲೈನಲ್ಲಿ ತಾಯಿ ಮತ್ತು ಹೆಂಡತಿ ಕರೆದುಕೊಂಡು ಬಂದರು. ಕೂರುವ ಮೊದಲೇ ತಾಯಿ ಹೇಳಿದರು: "ಇವನು ಸೋಮಾರಿ ಅಲ್ಲ ಮೇಡಂ. ಮುಂಚೆ ಐದಕ್ಕೆಲ್ಲ ಎದ್ದು ತೋಟ ಸುತ್ತಿ ಬರ್ತಿದ್ದ. ಈಗ ಹನ್ನೊಂದಾದ್ರೂ ಕಂಬಳಿ ಸರಿಸಲ್ಲ." ಹೆಂಡತಿಯದು ಒಂದೇ ಮಾತು: "ಎಬ್ಬಿಸಿದ್ರೆ ರೇಗ್ತಾರೆ, ಬಿಟ್ರೆ ಆಮೇಲೆ ಒಬ್ರೇ ಅಳ್ತಾರೆ." ಸತೀಶ ತಲೆ ಎತ್ತಲಿಲ್ಲ.

ಮಳೆಗಾಲದಲ್ಲಿ ಮಲೆನಾಡಿನವರು ಇಂಥ ತೊಂದರೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ವಾರಗಟ್ಟಲೆ ಬಿಸಿಲಿಲ್ಲ, ಕರೆಂಟಿಲ್ಲ, "ಈ ಮಳೇಲಿ ಯಾರಿಗೆ ಏಳೋ ಮನಸ್ಸಾಗ್ತದೆ ಮಾರಾಯ" ಎಂದು ಮುಗಿಸುತ್ತಾರೆ. ಆದರೆ ವಿಚಾರಿಸಿದಾಗ ತಿಳಿದದ್ದು, ಸತೀಶರಿಗೆ ಇದು ಶುರುವಾಗಿದ್ದು ಏಪ್ರಿಲ್‌ನಲ್ಲಿ, ಸುಡುಬಿಸಿಲಿನಲ್ಲಿ.

ಬೆಳಗಿನ ಹೊತ್ತನ್ನು ಬಿಡಿಸಿ ಹೇಳಲು ಕೇಳಿದೆ. ಐದೂವರೆಗೆ ತಾನಾಗಿಯೇ ಎಚ್ಚರ. ಕಣ್ಣು ಬಿಡುತ್ತಿದ್ದಂತೆ ಎದೆ ಢವಢವ, ಹೊಟ್ಟೆಯಲ್ಲಿ ಸಂಕಟ. ಇವತ್ತು ಯಾರ ಫೋನ್ ಬರುತ್ತದೋ ಎಂಬ ಯೋಚನೆ. ಏಳೋಣ ಎಂದುಕೊಂಡ ತಕ್ಷಣ ಅದು ಜಾಸ್ತಿಯಾಗುತ್ತದೆ. 'ಇನ್ನೊಂದು ಹತ್ತು ನಿಮಿಷ' ಎಂದು ಮುಸುಕು ಎಳೆದುಕೊಂಡರೆ ಸ್ವಲ್ಪ ಇಳಿಯುತ್ತದೆ. ಹಾಗೇ ಹನ್ನೊಂದು ಗಂಟೆ. ಇದು ನಿದ್ದೆ ಅಲ್ಲವೇ ಅಲ್ಲ. ಐದಾರು ಗಂಟೆ ಕಾಲ ಎಚ್ಚರವಾಗಿಯೇ ಮಲಗಿರುವ ಹಿಂಸೆ. ಮನೆಯವರಿಗೆ ಇದು ಗೊತ್ತೇ ಇರಲಿಲ್ಲ.

ಹಾಗಾದರೆ ಎದ್ದರೆ ಎದುರಾಗುವುದು ಏನು? ಮೇಜಿನ ಖಾನೆಯಲ್ಲಿ ಒಡೆಯದ ಲಕೋಟೆಗಳು. ಅದರಲ್ಲಿ ಸಹಕಾರ ಸಂಘದಿಂದ ಬಂದವೂ ಇದ್ದವು. ಬೆಳೆಸಾಲಕ್ಕೆ ನಮ್ಮಲ್ಲಿ ಬಡ್ಡಿಯಿಲ್ಲ, ಆದರೆ ಅದು ಗಡುವಿನೊಳಗೆ ಕಟ್ಟಿದವರಿಗೆ. ಗಡುವು ತಪ್ಪಿದರೆ ರಿಯಾಯಿತಿ ಹೋಗುತ್ತದೆ, ಬಡ್ಡಿ ಬೀಳುತ್ತದೆ. ಸತೀಶ ಗಡುವು ದಾಟಿಸಿದ್ದರು, ಎಷ್ಟು ಕಟ್ಟಬೇಕೆಂದು ಕೇಳುವ ಧೈರ್ಯ ಬಂದಿರಲಿಲ್ಲ. ಫೋನ್ ಸೈಲೆಂಟ್. ಸಂಘದವರು ಮನೆಯ ಫೋನಿಗೆ ಮಾಡಿದರೆ ತಾಯಿ "ಅವನು ತೋಟಕ್ಕೆ ಹೋಗಿದ್ದಾನೆ" ಎನ್ನುತ್ತಿದ್ದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವುದೂ ಇದರಲ್ಲೇ ಸಿಕ್ಕಿಕೊಂಡಿತ್ತು. ಮಳೆ ಹಿಡಿಯುವ ಮೊದಲಿನ ಸುತ್ತು ಹೇಗೋ ಆಗಿತ್ತು. 40-45 ದಿನಕ್ಕೆ ಇನ್ನೊಂದು ಸುತ್ತು ಆಗಬೇಕು, ಔಷಧಿ ಹೊಡೆಯುವವನಿಗೆ ಹಳೇ ಕೂಲಿ ಬಾಕಿ, ಹಾಗಾಗಿ ಅವನಿಗೂ ಫೋನ್ ಮಾಡಿರಲಿಲ್ಲ. ಹೆದರಿಕೆಯಿಂದ ಬಿಟ್ಟ ಒಂದೊಂದು ಕೆಲಸವೂ ಹೆದರಲು ಇನ್ನೊಂದು ಕಾರಣ ಹುಟ್ಟಿಸುತ್ತಿತ್ತು.

ಸಲಹೆಗೆ ಮೊದಲು ಕೆಲವು ತಪಾಸಣೆ ಆಗಲೇಬೇಕು. ಆತಂಕ ಅಳೆಯುವ ಜಿಎಡಿ-7 ಎಂಬ 7 ಪ್ರಶ್ನೆಗಳ ಪಟ್ಟಿಯಿದೆ. ಒಟ್ಟು 21 ಅಂಕ, 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುಂದಿನ ಪರೀಕ್ಷೆ ಬೇಕು. ಇವರದು 16 ಇತ್ತು. ಖಿನ್ನತೆಯೂ ಜೊತೆಗಿತ್ತು. ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಲು ಹೇಳಿದೆ. ಇವೆರಡರ ಏರುಪೇರೂ ಸುಸ್ತು, ಎದೆಬಡಿತ ತರುತ್ತದೆ. ವರದಿ ಸರಿಯಾಗಿ ಬಂತು.

ಸಾಯುವ ಯೋಚನೆ ಬಂದಿದೆಯಾ ಎಂದು ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ಎಷ್ಟೋ ಮನೆಗಳಲ್ಲಿದೆ, ಅದು ತಪ್ಪು. "ಒಂದೆರಡು ಸಲ ಬಂದಿತ್ತು, ಮಗು ಮುಖ ನೋಡಿ ಬಿಟ್ಟೆ" ಎಂದರು. ತೋಟ ಇರುವ ಮನೆಯಲ್ಲಿ ಕೊಟ್ಟಿಗೆಯ ಅಟ್ಟದ ಮೇಲೆ ಕಳೆನಾಶಕ, ಮೈಲುತುತ್ತ ಏನಾದರೂ ಇದ್ದೇ ಇರುತ್ತದೆ. ಅಂದೇ ಎಲ್ಲವನ್ನೂ ದೊಡ್ಡಪ್ಪನ ಮನೆಗೆ ಸಾಗಿಸಿ ಬೀಗ ಹಾಕಿಸುವಂತೆ ಹೆಂಡತಿಗೆ ಹೇಳಿದೆ. ಸತೀಶರಿಗೂ ಗೊತ್ತಿದ್ದೇ ಇದು ನಡೆಯಿತು. ಮನೋವೈದ್ಯರ ಬಳಿಯೂ ಕಳಿಸಿದೆ. ಅವರು ಮಾತ್ರೆ ಬರೆದರು. ಇಂಥ ಮಾತ್ರೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಮೊದಲ ವಾರವೇ "ಏನೂ ಆಗಲಿಲ್ಲ" ಎಂದು ಬಿಡುವವರು ಎಷ್ಟೋ ಮಂದಿ, ಅದಕ್ಕೇ ಈ ಮಾತನ್ನು ಮೂವರ ಎದುರಿಗೂ ಒತ್ತಿ ಹೇಳಿದೆ.

ಇನ್ನು ಸಲಹೆ. ಎಚ್ಚರವಾದ ಮೊದಲ ಅರ್ಧ-ಮುಕ್ಕಾಲು ಗಂಟೆಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಬಹುತೇಕ ಎಲ್ಲರಲ್ಲೂ ಏರುತ್ತದೆ. ಆತಂಕ ಇರುವ ಹಲವರಿಗೆ ಬೆಳಗಿನ ಆ ಹೊತ್ತೇ ಹೆಚ್ಚು ಕಷ್ಟ. ಅಂಥ ಹೊತ್ತಿನಲ್ಲಿ ಮಲಗಿಕೊಂಡು 'ಏಳಲೋ ಬೇಡವೋ' ಎಂದು ತೀರ್ಮಾನಿಸಲು ಕೂರಬಾರದು. ಮುಸುಕು ಎಳೆದಾಗ ಸಿಗುವ ನಿರಾಳವೇ ಮರುದಿನದ ಭಯವನ್ನು ಸಾಕುತ್ತದೆ; ತಪ್ಪಿಸಿಕೊಂಡಾಗ ಸಿಗುವ ಸಮಾಧಾನವೇ ಭಯವನ್ನು ಉಳಿಸುತ್ತದೆಂದು ಮನಶ್ಶಾಸ್ತ್ರಜ್ಞ ಮೌರರ್ 1947ರಲ್ಲೇ ವಿವರಿಸಿದ್ದರು. ಸತೀಶರಿಗೆ ನಾನು ಹೇಳಿದ್ದು, ಅದು ಚಕ್ರಬಡ್ಡಿಯ ಕೈಸಾಲ ಅಂತ. ಮೊದಲ ಸಲ ನಕ್ಕರು.

ಐದು ಗಂಟೆಗೆ ಏಳುವ ಹಳೆಯ ಸತೀಶನನ್ನು ವಾಪಸು ತರುವ ಹಟ ಬೇಡ ಎಂದೆ. ಆರೂವರೆಗೆ ಒಂದೇ ಕೆಲಸ: ಬಚ್ಚಲ ಒಲೆಗೆ ಬೆಂಕಿ ಹಾಕುವುದು. ಇದನ್ನೇ ಆರಿಸಿದ್ದಕ್ಕೆ ಕಾರಣವಿದೆ. ಕಾಲು ನೆಲಕ್ಕೆ ಬೀಳಬೇಕು, ಕೈಗೆ ಕೆಲಸ ಬೇಕು, ಯೋಚನೆ ಬೇಕಾಗಿಲ್ಲ, ಅವರು ಮಾಡದಿದ್ದರೆ ಮನೆಯವರಿಗೆ ಬಿಸಿನೀರಿಲ್ಲ. ಅಲಾರಂ ಮಂಚದ ಪಕ್ಕದಲ್ಲಲ್ಲ, ಬಚ್ಚಲ ಬಾಗಿಲ ಬಳಿ. ಮನಸ್ಸು ಸರಿಯಾದ ಮೇಲೆ ಏಳುತ್ತೇನೆ ಎಂದು ಕಾಯುವುದಲ್ಲ, ಎದೆ ಹೊಡೆದುಕೊಳ್ಳುತ್ತಿರುವಾಗಲೇ ಒಲೆಯ ಮುಂದೆ ಕೂರುವುದು. ಆಮೇಲೆ ಮತ್ತೆ ಮಲಗುವಂತಿಲ್ಲ, ಬೇಕಾದರೆ ಜಗಲಿಯಲ್ಲಿ ಸುಮ್ಮನೆ ಕೂತಿರಲಿ. ಕರೆಂಟಿಲ್ಲವೆಂದು ರಾತ್ರಿ ಎಂಟಕ್ಕೇ ಮಲಗುವುದೂ ಬೇಡ.

ಮನೆಯವರಿಗೆ ಹೇಳಿದ್ದು ಇದಕ್ಕಿಂತ ಕಷ್ಟದ್ದು. ಹೆಂಡತಿ ಒಂದೇ ಸಲ ಕರೆಯಬೇಕು, ಎರಡನೇ ಸಲ ಇಲ್ಲ, ಹಂಗಿಸುವುದೂ ಇಲ್ಲ. ತಾಯಿ ಫೋನಿನಲ್ಲಿ ಸುಳ್ಳು ಹೇಳುವುದನ್ನು ನಿಲ್ಲಿಸಬೇಕು. "ಮಗನ ಮಾನ ಹೋಗ್ತದಲ್ಲ ಮೇಡಂ" ಎಂದರು ಆಕೆ. "ಮನೇಲಿದ್ದಾನೆ, ನಾಳೆ ಹತ್ತು ಗಂಟೆಗೆ ಅವನೇ ಮಾಡ್ತಾನೆ ಅನ್ನಿ, ಅದರಲ್ಲಿ ಮಾನ ಹೋಗೋದು ಏನಿದೆ?" ಎಂದೆ. ನನ್ನ ಅನುಭವದಲ್ಲಿ ಬೈಯುವವರಿಗಿಂತ ಅಡ್ಡ ನಿಂತು ಕಾಪಾಡುವವರನ್ನು ಒಪ್ಪಿಸುವುದೇ ಕಷ್ಟ, ಅವರದು ಪ್ರೀತಿಯಲ್ಲವೇ.

ಲಕೋಟೆಗಳ ವಿಷಯದಲ್ಲಿ ನಿಧಾನಕ್ಕೆ ಹೋದೆವು. ಮೊದಲು ಖಾನೆಯಿಂದ ತೆಗೆದು, ಒಡೆಯದೆ, ಅಂಚೆಮುದ್ರೆಯ ದಿನಾಂಕದಂತೆ ಜೋಡಿಸುವುದಷ್ಟೇ. ಆಮೇಲೆ ಹೆಂಡತಿ ಪಕ್ಕದಲ್ಲಿದ್ದಾಗ ಒಂದನ್ನು ಒಡೆಯುವುದು. ಒಡೆಯುವ ಮೊದಲು ಒಳಗೆ ಏನಿರಬಹುದೆಂದು ಚೀಟಿಯಲ್ಲಿ ಬರೆಯಬೇಕು, ಒಡೆದ ಮೇಲೆ ನಿಜವಾಗಿ ಏನಿತ್ತೆಂದು ಕೆಳಗೆ ಬರೆಯಬೇಕು. 'ಜಪ್ತಿ ನೋಟೀಸು' ಎಂದು ಬರೆದಿದ್ದ ಲಕೋಟೆಯಲ್ಲಿ ಸರ್ವಸದಸ್ಯರ ಸಭೆಯ ಆಹ್ವಾನವಿತ್ತು. ಇನ್ನೊಂದರಲ್ಲಿ ಮಂಡಿಯ ಹಳೇ ಚೀಟಿ. ಒಂದರಲ್ಲಿ ಮಾತ್ರ ನಿಜಕ್ಕೂ ಸಾಲದ ನೋಟೀಸು. ಭಯವೆಲ್ಲ ಬರೀ ಭ್ರಮೆ ಎಂದು ನಾನು ಹೇಳಲಿಲ್ಲ, ಹೇಳಿದ್ದರೆ ಆ ನೋಟೀಸಿನ ಎದುರು ನನ್ನ ಮಾತಿಗೆ ಬೆಲೆಯಿರುತ್ತಿರಲಿಲ್ಲ. ಬಡ್ಡಿ ಬಿದ್ದಿತ್ತು. ಎಷ್ಟೆಂದು ಗೊತ್ತಾಗಿದ್ದೇ ಲಾಭ.

ಸಂಘಕ್ಕೆ ಹೋಗಿ ಹೇಳಬೇಕಾದ ಮಾತನ್ನು ನನ್ನ ಮುಂದೆಯೇ ಅಭ್ಯಾಸ ಮಾಡಿದರು: "ಗಡುವು ತಪ್ಪಿದೆ, ನನ್ನದೇ ತಪ್ಪು. ಒಟ್ಟು ಎಷ್ಟಾಗಿದೆ, ಕಂತಿನಲ್ಲಿ ಕಟ್ಟಬಹುದಾ?" ಎಲ್ಲರೆದುರು ಬೈಯುತ್ತಾರೆಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದರು. ಕಾರ್ಯದರ್ಶಿ ತಾಯಿಯ ಆರೋಗ್ಯ ವಿಚಾರಿಸಿ, ಲೆಕ್ಕ ತೆಗೆದು ತೋರಿಸಿ, ಸ್ವಲ್ಪ ಗೊಣಗಿದರಂತೆ.

ನಡುವೆ ಒಂದು ವಾರ ಎಲ್ಲ ಕೆಟ್ಟಿತು. ಭಾರೀ ಮಳೆ, ಅಂಗನವಾಡಿಗೆ ರಜೆ, ಸತೀಶ ಮತ್ತೆ ಹಾಸಿಗೆಯಲ್ಲಿ. ಇಂಥ ದಿನಕ್ಕೆಂದೇ ಮೊದಲೇ ಮಾತಾಗಿತ್ತು: ಬೇರೆ ಎಲ್ಲ ಬಿಟ್ಟರೂ ಒಲೆ ಬಿಡುವಂತಿಲ್ಲ. ಕೆಲವು ದಿನ ಎಂಟು ಗಂಟೆಗೆ ಹಾಕಿದರಂತೆ, ಹಾಕಿದರಲ್ಲ.

ಇದೇ ಪಾಡಿನಲ್ಲಿರುವವರು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನ ವಿಚಾರಿಸಿ, ಇಲ್ಲವೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ. ಹೊರಗೆ ಹೊರಡಲೇ ಆಗದಿದ್ದರೆ 14416 ಇದೆ. ಟೆಲಿ-ಮಾನಸ್, ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಸತೀಶ ಈಗ ಹೆಚ್ಚಿನ ದಿನ ಏಳಕ್ಕೆ ಮೊದಲೇ ಎದ್ದಿರುತ್ತಾರೆ. ಔಷಧಿ ಎರಡನೇ ಸುತ್ತು ತಡವಾಗಿಯಾದರೂ ಆಯಿತು, ಕೂಲಿ ಬಾಕಿ ತೀರಿತು, ಒಂದಷ್ಟು ಅಡಿಕೆಗೊನೆ ಕೊಳೆತು ಉದುರಿತು. ಫೋನ್ ರಿಂಗಾದರೆ ಇವತ್ತಿಗೂ ಬೆಚ್ಚುತ್ತಾರೆ, ಆದರೆ ಎತ್ತುತ್ತಾರೆ. ಮಂಡಿಗೆ ಹೋಗಿ ತಂದೆಯ ಕಾಲದ ಲೆಕ್ಕ ಕೇಳುವುದು ಇನ್ನೂ ಬಾಕಿ. ಕೊಯ್ಲು ಮುಗಿದ ಮೇಲೆ ಎಂದರು. ಹಾಗೆಲ್ಲ ಆಗುವುದಿಲ್ಲ ಎಂದು ದಿನಾಂಕ ಬರೆಸಿಕೊಂಡಿದ್ದೇನೆ.