ಹ್ಯಾಂಡಲ್ ನಡುಕ: ಕೋನ್‌ಸೆಟ್‌ಗಿಂತ ಮೊದಲು ಟೈರ್ ನೋಡಿ

ಕೊಪ್ಪಳದಿಂದ ಹೊಸಪೇಟೆಗೆ ಹೋಗುವಾಗ ವೇಗ 80 ಕಿ.ಮೀ. ದಾಟಿದೊಡನೆ ಬೈಕಿನ ಹ್ಯಾಂಡಲ್ ನಡುಗುತ್ತದೆ, ಮುಂದಿನ ಟೈರ್ ಬದಲಿಸಿದ ಮೇಲೆ ಇದು ಶುರುವಾಯಿತು, ಆದರೆ ಮೆಕ್ಯಾನಿಕ್ ಕೋನ್‌ಸೆಟ್ (ಹ್ಯಾಂಡಲ್ ತಿರುಗಲು ಆಧಾರವಾದ ಬೇರಿಂಗುಗಳು) ಬದಲಿಸಬೇಕೆನ್ನುತ್ತಾರೆ ಎಂದು ಬರೆದಿದ್ದೀರಿ. ಟೈರ್ ಬದಲಾವಣೆಯ ಬೆನ್ನಿಗೇ ಬಂದ ದೋಷವನ್ನು ಮೊದಲು ಟೈರಿನಲ್ಲಿಯೇ ಹುಡುಕಬೇಕೆಂಬುದು ನನ್ನ ಅಭಿಪ್ರಾಯ.

ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮುಂದಿನ ಚಕ್ರ ನೆಲ ಬಿಡುವಂತೆ ಎಂಜಿನ್ನಿನ ಕೆಳಗೆ ಭದ್ರವಾದ ಆಸರೆ ಕೊಟ್ಟು, ಚಕ್ರವನ್ನು ನಿಧಾನವಾಗಿ ತಿರುಗಿಸುತ್ತ, ರಿಮ್ಮಿನ ಅಂಚಿನ ಪಕ್ಕದಲ್ಲಿ ಟೈರಿನ ಸುತ್ತಲೂ ಇರುವ ತೆಳುವಾದ ಉಬ್ಬುಗೆರೆಯನ್ನು ಗಮನಿಸಿ. ಅದು ರಿಮ್ಮಿನಿಂದ ಎಲ್ಲೆಡೆ ಸಮಾನ ದೂರದಲ್ಲಿರಬೇಕು. ಒಂದು ಕಡೆ ಒಳಗೆ ಮುಳುಗಿದಂತೆ ಕಂಡರೆ ಟೈರ್ ಸರಿಯಾಗಿ ಕುಳಿತಿಲ್ಲ, ಗಾಳಿ ಬಿಟ್ಟು, ಅಂಚಿಗೆ ಸೋಪುನೀರು ಹಚ್ಚಿ, ಮತ್ತೆ ಗಾಳಿ ತುಂಬಿಸಿ ಕೂರಿಸಬೇಕಾಗುತ್ತದೆ. ಟೈರಿನ ಮೇಲಿನ ಬಾಣ ಚಕ್ರ ಉರುಳುವ ದಿಕ್ಕಿಗೇ ಇದೆಯೇ ನೋಡಿ, ವೀಲ್ ಬ್ಯಾಲೆನ್ಸಿಂಗ್ (ಚಕ್ರದ ಸುತ್ತ ತೂಕ ಸಮನಾಗಿಸುವುದು) ಮಾಡಿಸಿ. ಗಾಳಿಯ ಒತ್ತಡವನ್ನು ಬೆಳಿಗ್ಗೆ, ಗಾಡಿ ಓಡಿಸುವ ಮೊದಲೇ ಅಳೆಯಿರಿ, ಏಕೆಂದರೆ ನಮ್ಮ ಕಡೆಯ ಬಿಸಿಲಿನಲ್ಲಿ ಓಡಿದ ಟೈರ್ ಹೆಚ್ಚೇ ತೋರಿಸುತ್ತದೆ.

ಚಕ್ರ ಮೇಲಿರುವಾಗಲೇ ಫೋರ್ಕಿನ (ಮುಂದಿನ ಚಕ್ರವನ್ನು ಹಿಡಿದಿರುವ ಜೋಡಿ ಕೊಳವೆಗಳ) ಕೆಳತುದಿಗಳನ್ನು ಹಿಡಿದು ಹಿಂದೆ ಮುಂದೆ ಎಳೆಯಿರಿ. ಟಕ್ಕೆಂದು ಅಲುಗಿದರೆ ಕೋನ್‌ಸೆಟ್ ಸಡಿಲವಾಗಿರುವ ಸಂಭವವಿದೆ, ಅದನ್ನು ಬಿಗಿ ಮಾಡಿದರೆ ಬಹಳ ಸಲ ಸಾಕಾಗುತ್ತದೆ. ಹ್ಯಾಂಡಲ್ ತಿರುಗಿಸುವಾಗ ನಟ್ಟನಡುವೆ ಕಚ್ಚಿ ನಿಂತರೆ ಮಾತ್ರ ಬೇರಿಂಗಿನ ಹಾದಿಯಲ್ಲಿ ಗುಳಿ ಬಿದ್ದಿದೆಯೆಂದು ತಿಳಿದು ಬದಲಿಸಿ. ಹಿಂದೆ ಭಾರದ ಪೆಟ್ಟಿಗೆ ಕಟ್ಟಿದ್ದರೆ ಅದನ್ನು ಬಿಚ್ಚಿಯೂ ಒಮ್ಮೆ ಓಡಿಸಿ ನೋಡಿ.

ದುರಸ್ತಿಯಾಗುವವರೆಗೆ ನಿಧಾನವಾಗಿಯೇ ಹೋಗಿ. ನಡುಕ ಬಂದರೆ ಹ್ಯಾಂಡಲನ್ನು ಬಿಗಿಯಾಗಿ ಅದುಮಬೇಡಿ, ಮುಂದಿನ ಬ್ರೇಕ್ ಹಠಾತ್ತನೆ ಹಿಡಿಯಬೇಡಿ. ಮೊಣಕಾಲುಗಳಿಂದ ಟ್ಯಾಂಕನ್ನು ಅವುಚಿಕೊಂಡು ಆಕ್ಸಿಲರೇಟರನ್ನು ಮೆಲ್ಲಗೆ ಇಳಿಸಿ.