ಸಾಂಕ್ರಾಮಿಕ ರೋಗ ಬಂದಾಗ ಸರಕು ಸಾಗಣೆ ಕಂಪನಿಗಳ ಹಣಕಾಸಿಗೆ, ಕೆಲಸಗಾರರಿಗೆ ಏನಾಗುತ್ತದೆ?

ಎಲ್ಲರಿಗೂ ಒಂದೇ ಥರ ಆಗುವುದಿಲ್ಲ. ಕೋವಿಡ್ ಕಾಲವನ್ನೇ ನೋಡಿ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಶುರುವಾದಾಗ ನಮ್ಮಲ್ಲಿ ಹೆಚ್ಚು ಪೆಟ್ಟು ತಿಂದವರು ಒಂದೆರಡು ಲಾರಿ ಇಟ್ಟುಕೊಂಡ ಸಣ್ಣ ಮಾಲೀಕರು. ಲಾರಿ ನಿಂತರೂ ಇಎಂಐ, ವಿಮೆಯ ಖರ್ಚು ನಿಲ್ಲುವುದಿಲ್ಲ. ಸಾಲದ ಕಂತನ್ನು ಆಗಸ್ಟ್ 31ರವರೆಗೆ ಮುಂದೂಡಲು ಆರ್‌ಬಿಐ ಅವಕಾಶ ಕೊಟ್ಟಿತು ನಿಜ, ಆದರೆ ಬಡ್ಡಿ ಬೆಳೆಯುತ್ತಲೇ ಇತ್ತು. ಅಗತ್ಯ ವಸ್ತು ಸಾಗಿಸಲು ಅನುಮತಿ ಇದ್ದರೂ, ಕಾರ್ಖಾನೆಗಳು ಮುಚ್ಚಿದ್ದರಿಂದ ವಾಪಸ್ ಲೋಡ್ ಸಿಗುವುದು ಕಷ್ಟವಾಯಿತು. ತರಕಾರಿ ಇಳಿಸಿ ಖಾಲಿ ಬಂದರೆ ಒಂದು ಕಡೆಯ ಬಾಡಿಗೆಯಲ್ಲಿ ಎರಡೂ ಕಡೆಯ ಡೀಸೆಲ್ ಹಾಕಿಸಬೇಕು. ಲಾಭವೆಲ್ಲ ಕರಗುವುದು ಅಲ್ಲೇ.

ಕೆಲಸಗಾರರ ಪಾಡು ಇನ್ನೂ ಕಷ್ಟ. ಟ್ರಿಪ್ ಲೆಕ್ಕದಲ್ಲಿ ದುಡಿಯುವ ಡ್ರೈವರ್, ಕ್ಲೀನರ್‌ಗೆ ಟ್ರಿಪ್ ಇಲ್ಲವೆಂದರೆ ಕಾಸೂ ಇಲ್ಲ. ಹೆದ್ದಾರಿಯ ಡಾಬಾ, ಪಂಕ್ಚರ್ ಅಂಗಡಿ ಎಲ್ಲ ಬಾಗಿಲು ಹಾಕಿದ್ದವು. ಎಷ್ಟೋ ಜನ ಲಾರಿ ನಿಲ್ಲಿಸಿ ಊರಿಗೆ ಹೊರಟರು. ಹಮಾಲರಿಲ್ಲದೆ ಬಂದ ಮಾಲು ಇಳಿಯಲಿಲ್ಲ. ಬೇಡಿಕೆ ಮರಳಿದಾಗ ಗಾಡಿ ಇತ್ತು, ಓಡಿಸುವವರಿರಲಿಲ್ಲ.

ಹಡಗು ಕಂಪನಿಗಳ ಕಥೆ ತದ್ವಿರುದ್ಧ. ಬಂದರುಗಳಲ್ಲಿ ದಟ್ಟಣೆ, ಕಂಟೇನರ್ ಕೊರತೆಯಿಂದ ಬಾಡಿಗೆ ಗಗನಕ್ಕೇರಿ, ಡೆನ್ಮಾರ್ಕಿನ ಮೇರ್ಸ್ಕ್ 2021ರಲ್ಲಿ ದಾಖಲೆ ಲಾಭ ಮಾಡಿತು. ಆದರೆ ಅಲ್ಲೂ ದುಡಿಯುವವರಿಗೆ ಸುಖವಿರಲಿಲ್ಲ: 2020ರ ಕೊನೆಯ ಹೊತ್ತಿಗೆ ಸುಮಾರು 4 ಲಕ್ಷ ನಾವಿಕರು ಕರಾರು ಮುಗಿದರೂ ಮನೆಗೆ ಹೋಗಲಾಗದೆ ಹಡಗಿನಲ್ಲೇ ಸಿಕ್ಕಿಕೊಂಡಿದ್ದರು. ನನಗೆ ಆ ಲಾಭಕ್ಕಿಂತ ಈ ಸಂಖ್ಯೆಯೇ ದೊಡ್ಡದಾಗಿ ಕಾಣುತ್ತದೆ.